ಹೊಳೆ ದಾಟಿದ ಮೇಲೂ ಅಂಬಿಗ

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಕೆಲಸ ಮುಗಿದ ಕೂಡಲೇ ಉಪಕಾರ ಮರೆಯುವವರನ್ನು ಚುಚ್ಚಲು ಆಡುವ ಗಾದೆ ಇದು. ಹಳ್ಳಿಯ ಬಾಯಲ್ಲಿ ಇದರ ಬಾಲ ಇನ್ನೂ ಒರಟು. ಅಲ್ಲಿ ಅಂಬಿಗನಿಗೆ ಬೈಗುಳವೇ ಬೀಳುತ್ತದೆ. ಗಾದೆ ಕಟ್ಟಿದವರ ಕಣ್ಣೆದುರು ಇದ್ದದ್ದು ಎರಡು ದಡದ ಹೊಳೆ. ಈಚೆಯಿಂದ ಆಚೆಗೆ ಹೋದವನು ಆಚೆಯ ಊರಿನ ದಾರಿ ಹಿಡಿದರೆ ಮುಗಿಯಿತು. ಆದರೆ ಹೊಳೆಯ ನಡುವೆಯೇ ಇಳಿದು ರಾತ್ರಿ ಅಲ್ಲೇ ಉಳಿಯುವವನಿಗೆ ಈ ಮಾತು ಹೊಂದುತ್ತದೆಯೇ?

ಬಳ್ಳಾರಿ ಸೀಮೆಯ ಗೆಳೆಯರ ಗುಂಪುಗಳು ವರ್ಷಗಟ್ಟಲೆ ಹಾಗೆ ಉಳಿದು ಬರುತ್ತಿದ್ದವು. ಅವರ ತಾಣ ಹಂಪಿಯ ಎದುರು ತುಂಗಭದ್ರಾ ಹೊಳೆಯಲ್ಲಿರುವ ವಿರೂಪಾಪುರ ಗಡ್ಡಿ. ಆಡಳಿತದ ಲೆಕ್ಕದಲ್ಲಿ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದ್ದು. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ಹೊಳೆಯ ಈಚೆಯ ಹಂಪಿ ಬಳ್ಳಾರಿಯದೇ ಆಗಿತ್ತು. ಬಳ್ಳಾರಿ ನಗರದ ಹುಡುಗರು ಹೊಸಪೇಟೆಯ ಮೇಲೆ ಬಂದು ವಿರೂಪಾಕ್ಷ ಗುಡಿಯ ಹಿಂದಿನ ಮೆಟ್ಟಿಲಿಳಿದು ಬೋಟು ಹತ್ತುತ್ತಿದ್ದರು. ಕುರುಗೋಡಿನವರಿಗೆ ಕಂಪ್ಲಿ ಸೇತುವೆಯ ದಾರಿಯೂ ಇತ್ತು. ಸಿರುಗುಪ್ಪದವರು ಗಂಗಾವತಿ ಕಡೆಯಿಂದ ಸುತ್ತಿ ಬಂದರೂ ಆಗುತ್ತಿತ್ತು. ಕೈಯಲ್ಲಿ ಕಾಗದದ ಪೊಟ್ಟಣದ ಮಿರ್ಚಿ, ಒಗ್ಗರಣೆ ಮಂಡಾಳು. ಹೆಗಲಿಗೆ ಒಂದು ರಾತ್ರಿಯ ಬಟ್ಟೆಯ ಚೀಲ.

ಬೇಸಿಗೆಯಲ್ಲಿ ಒಂದು ಬದಿಯಿಂದ ನೆಲಕ್ಕೆ ಅಂಟಿಕೊಂಡಂತೆ ಕಾಣುವ ಈ ಗಡ್ಡಿ, ಹೊಳೆ ಏರಿದಾಗ ಅಪ್ಪಟ ನಡುಗಡ್ಡೆಯಾಗುತ್ತದೆ. ಭತ್ತದ ಗದ್ದೆಗಳ ಅಂಚಿನಲ್ಲಿ ಗುಡಿಸಲು ಮಾದರಿಯ ಕೋಣೆಗಳು, ಜಗುಲಿಗೊಂದು ಉಯ್ಯಾಲೆ, ಸೊಳ್ಳೆ ಪರದೆ ಇದ್ದವು. ಊಟಕ್ಕೆ ನೆಲದ ಹಾಸಿಗೆಯ ಮೇಲೆ ಕೂತು, ಮುಂದೆ ಗಿಡ್ಡ ಮೇಜು. ಎದುರು ದಡದಲ್ಲಿ ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರ. ಕೊನೆಯ ಬೋಟು ಸಂಜೆ ಆರರ ಸುಮಾರಿಗೆ. ಅದು ತಪ್ಪಿದರೆ ರಸ್ತೆಯಲ್ಲಿ ಹತ್ತಾರು ಕಿಲೋಮೀಟರು ಸುತ್ತಬೇಕಿತ್ತು. ಹಾಗಾಗಿ ಇಳಿಯುವಾಗ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು:

"ಅಣ್ಣಾ, ಮುಂಜಾನೆ ಮೊದಲ್ನೇ ಬೋಟು ಎಷ್ಟಕ್ಕ?"

"ಏಳಕ್ಕ. ಹೊಳಿ ಹಿಂಗ ಇದ್ರ."

ಈ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ. ನಡುಗಡ್ಡೆಗೆ ಹೋದವನು ಹೊಳೆಯನ್ನು ಅರ್ಧ ಮಾತ್ರ ದಾಟಿರುತ್ತಾನೆ. ಉಳಿದರ್ಧ ಬೆಳಗಿಗೆ ಬಾಕಿ ಇರುತ್ತದೆ, ಮತ್ತು ಆ ಬಾಕಿ ತೀರುವುದು ಅಂಬಿಗನ ಕೈಯಿಂದ. ರಾತ್ರಿಯಿಡೀ ನಡೆಯುವ ಹಾಡು, ಹರಟೆ, ಬೆಳದಿಂಗಳಲ್ಲಿ ಬಂಡೆಯ ಮೇಲೆ ಕೂರುವ ಸುಖ, ಎಲ್ಲವೂ ಆ ಬಾಕಿಯ ಮೇಲೆ ನಿಂತಿರುತ್ತವೆ.

2019ರ ಆಗಸ್ಟ್‌ನಲ್ಲಿ ಹೊಳೆ 'ಹಿಂಗ' ಇರಲಿಲ್ಲ. ಮಲೆನಾಡಿನಲ್ಲಿ ಮಳೆ ಸುರಿದು ತುಂಗಭದ್ರಾ ಜಲಾಶಯ ಭರ್ತಿಯಾಯಿತು. ಗೇಟುಗಳಿಂದ ಲಕ್ಷಕ್ಕೂ ಮೀರಿ ಕ್ಯುಸೆಕ್ ನೀರು ಹೊರಬಿತ್ತು. ಗಡ್ಡಿಯಲ್ಲಿ ಉಳಿದಿದ್ದ ನೂರಾರು ಪ್ರವಾಸಿಗರು, ವಿದೇಶಿಯರೂ ಸೇರಿ, ನೀರಿನ ನಡುವೆ ಸಿಕ್ಕಿಬಿದ್ದರು. ಕಾಪಾಡಲು ಹೋದ ದೋಣಿಯೇ ಮಗುಚಿ ಅದರಲ್ಲಿದ್ದ ಐವರು ಸಿಬ್ಬಂದಿ ಕೊಚ್ಚಿಹೋದರು. ಪುಣ್ಯಕ್ಕೆ ಅವರು ಬದುಕಿ ಬಂದರು. ಹೆಲಿಕಾಪ್ಟರು ಬಂತು. ಮಳೆ ಬಿದ್ದದ್ದು ನೂರಾರು ಕಿಲೋಮೀಟರು ದೂರದಲ್ಲಿ, ನೀರು ಬಂದದ್ದು ಕಾಲಬುಡಕ್ಕೆ. ಗಡ್ಡಿಯ ಮೇಲಿನ ಆಕಾಶ ಎಷ್ಟೇ ತಿಳಿಯಾಗಿದ್ದರೂ ಹೊಳೆಯ ಮಾತು ಬೇರೆ. ಅಣೆಕಟ್ಟಿನ ಗೇಟು ಎತ್ತಿದ ಸುದ್ದಿಯನ್ನು ದಿನವೂ ಕಿವಿಗೊಟ್ಟು ಕೇಳುವವನು ಅಂಬಿಗ. ಉಯ್ಯಾಲೆಯಲ್ಲಿ ತೂಗುವವರಿಗೆ ಆ ಸುದ್ದಿ ಬೇಕು ಎಂದೇ ಅನಿಸುವುದಿಲ್ಲ.

ಆ ಗಡ್ಡಿಯ ರೆಸಾರ್ಟುಗಳ ಕಥೆಯೂ ಅಲ್ಲಿಂದಾಚೆ ಹೆಚ್ಚು ದಿನ ನಡೆಯಲಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಪ್ರದೇಶದಲ್ಲಿ ಎದ್ದಿದ್ದ ಕಟ್ಟಡಗಳ ವ್ಯಾಜ್ಯ ವರ್ಷಾನುಗಟ್ಟಲೆ ಎಳೆದು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೆರವಿನ ಪರ ತೀರ್ಪು ಕೊಟ್ಟಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ತೀರ್ಪು ಸರಿಯಾದದ್ದೇ, ಬಂಡೆ, ಗುಡಿ, ಹೊಳೆ ಒಂದಾಗಿ ನಿಂತಿರುವ ಆ ನೆಲಕ್ಕೆ ಕೋಣೆಗಳ ಸಾಲು ಒಪ್ಪುವಂಥದ್ದಲ್ಲ. ಆದರೆ ಅಂದಿನ ಮಾತುಕತೆಯೆಲ್ಲ ಕೋಣೆಗಳ ಸುತ್ತಲೇ ಗಿರಕಿ ಹೊಡೆಯಿತು. ಬೋಟು, ಹರಿಗೋಲು ನಡೆಸಿ ಸಂಸಾರ ತೂಗಿಸುತ್ತಿದ್ದವರಿಗೆ ಅದರಲ್ಲಿ ಸಿಕ್ಕ ಜಾಗ ತೀರಾ ಕಡಿಮೆ. ಗಾದೆಯ ಅಂಬಿಗನಿಗಾದದ್ದೇ ಅವರಿಗೂ ಆಯಿತು.

ಹರಿಗೋಲು ಇಲ್ಲಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಅದರಲ್ಲಿ ದಾಟುತ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳೂ. ಇಂದು ಆಚೆ ದಡದ ಸಣಾಪುರ, ಆನೆಗೊಂದಿ ಕಡೆ ಕಾಣುವ ಹರಿಗೋಲಿಗೆ ಬಿದಿರು ದಬ್ಬೆಯ ಹೆಣಿಗೆ, ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅಂಚಿಗೆ ಬೆನ್ನು ಕೊಟ್ಟು ಸುತ್ತಲೂ ಕೂತವರ ಮೊಣಕಾಲು ಒಂದಕ್ಕೊಂದು ತಾಗುತ್ತವೆ. ಅಂಬಿಗ ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆಯುತ್ತಾನೆ. ದುಂಡು ದೋಣಿ ತಿರುಗದೆ ನೇರ ಸಾಗಬೇಕಾದರೆ ಆ ಸೆಳೆತದ ಹದ ಗೊತ್ತಿರಬೇಕು; ಹೊಸಬನ ಕೈಗೆ ಹುಟ್ಟು ಕೊಟ್ಟರೆ ಅದು ಇದ್ದಲ್ಲೇ ಗರಗರ ಸುತ್ತುತ್ತದೆ. ಎಲ್ಲಿ ಸುಳಿ, ಎಲ್ಲಿ ಮಡು, ಯಾವ ಬಂಡೆ ನೀರೊಳಗೆ ತಲೆ ಮುಚ್ಚಿಕೊಂಡಿದೆ ಎಂಬುದೂ ಆ ಕೈಗೇ ಗೊತ್ತು.

ಈ ತಿಳಿವಳಿಕೆಯ ಬೆಲೆ 2025ರ ಫೆಬ್ರವರಿಯಲ್ಲಿ ಮತ್ತೆ ಕಣ್ಣಿಗೆ ರಾಚಿತು. ಗೆಳೆಯರೊಂದಿಗೆ ಸಣಾಪುರಕ್ಕೆ ಬಂದಿದ್ದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಬಂಡೆಯ ಮೇಲಿಂದ ಹೊಳೆಗೆ ಜಿಗಿದು ಸೆಳವಿಗೆ ಸಿಕ್ಕಿ ತೀರಿಕೊಂಡರು. ಮೇಲಿಂದ ನೋಡಿದರೆ ಆ ನೀರು ಶಾಂತ. ಕೆಳಗೆ ಬಂಡೆಗಳ ಸಂದಿನಲ್ಲಿ ಅದು ಹೇಗೆ ನುಗ್ಗುತ್ತದೆ ಎಂದು ದಂಡೆಯವರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ. ಹೊಳೆ ದಾಟಿಸುವುದು ಅಂಬಿಗನ ಅರ್ಧ ಕೆಲಸ. ಎಲ್ಲಿ ಇಳಿಯಬಾರದು ಎಂದು ಹೇಳುವುದು ಇನ್ನರ್ಧ.

ದಾಟಲು ಸೇತುವೆ ಇದ್ದರೆ ಅಂಬಿಗ ಬೇಡವಲ್ಲ ಎನ್ನಬಹುದು. ಆದರೆ ಆನೆಗೊಂದಿಗೆ ದಾಟುವ ತಳವಾರ ಘಟ್ಟದಲ್ಲಿ ಕಟ್ಟಲು ಹೊರಟ ಸೇತುವೆಯಿಂದಾಗಿ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿ ಸೇರಿತು, 2006ರವರೆಗೆ ಅಲ್ಲೇ ಉಳಿಯಿತು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಕುರುಗೋಡಿನವರು ನಂಬಿದ ಕಂಪ್ಲಿ ಸೇತುವೆಯೂ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದಲ್ಲಿ ಮುಳುಗುತ್ತದೆ. ಆಗ ಪೊಲೀಸರು ಅಡ್ಡಗಟ್ಟೆ ಇಡುತ್ತಾರೆ, ಗಂಗಾವತಿಯ ಸಂಪರ್ಕ ಕಡಿದುಹೋಗುತ್ತದೆ.

ಗಾದೆಯನ್ನು ಇನ್ನೊಂದಿಷ್ಟು ಕೆಳಗೆ, ಸಿರುಗುಪ್ಪದವರೆಗೆ, ಹೊಳೆಯ ಜತೆಗೇ ಒಯ್ಯಬೇಕು. ಅಲ್ಲಿ ತುಂಗಭದ್ರೆ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿ ಮತ್ತೆ ಕೂಡುತ್ತದೆ. ಸುಮಾರು ಆರು ಮೈಲಿ ಉದ್ದ, ನಾಲ್ಕು ಮೈಲಿ ಅಗಲ ಎನ್ನುತ್ತದೆ ಬ್ರಿಟಿಷರ ಕಾಲದ ಗೆಜೆಟಿಯರ್. ಅಲ್ಲಿ ಉಯ್ಯಾಲೆಯ ಕೋಣೆಗಳಿಲ್ಲ, ಶನಿವಾರದ ಗುಂಪುಗಳೂ ಇಲ್ಲ. ಇರುವುದು ಭತ್ತ. ವಿಜಯನಗರದ ಅರಸರ ಕಾಲದ ಅಣೆಕಟ್ಟು, ಕಾಲುವೆಗಳು ಇಂದಿಗೂ ಆ ಸೀಮೆಯ ಗದ್ದೆಗೆ ನೀರುಣಿಸುತ್ತಿವೆ. ನಡುಗಡ್ಡೆಯ ರಾತ್ರಿ ಅಲ್ಲಿನವರಿಗೆ ಮೋಜಿನ ಸಂಗತಿಯಲ್ಲ. 2009ರ ಅಕ್ಟೋಬರ್‌ನಲ್ಲಿ ಪ್ರವಾಹ ಬಂದಾಗ ಸಿರುಗುಪ್ಪ ತಾಲೂಕಿನ ಹಳ್ಳಿಗಳು ಅದನ್ನು ಮೈಮೇಲೆ ಅನುಭವಿಸಿದವು.

ಬಳ್ಳಾರಿ ನಗರದ ಮಗ್ಗುಲಲ್ಲಿ ಹೊಳೆಯೇ ಇಲ್ಲ, ಆದರೂ ಅದು ಕುಡಿಯುವುದು ತುಂಗಭದ್ರೆಯನ್ನೇ. ಕಾಲುವೆಯ ನೀರು ಅಲ್ಲೀಪುರದ ಕೆರೆ ತುಂಬಿ ನಲ್ಲಿಗೆ ಬರುತ್ತದೆ. ಅಲ್ಲಿನ ಅಂಬಿಗರು ತೂಬು ಎತ್ತಿ ಇಳಿಸುವ ಗ್ಯಾಂಗ್‌ಮನ್‌ಗಳು, ಗೇಟಿನ ಸರಪಳಿಗೆ ಎಣ್ಣೆ ಹಾಕುವವರು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಅವರ ನೆನಪು ಎಲ್ಲರಿಗೂ ಆಯಿತು. ಸಿರುಗುಪ್ಪ, ಕುರುಗೋಡು ಕಡೆ ರೈತರು ಬೆಳೆಗೆ ನೀರು ಉಳಿದೀತೇ ಎಂದು ಉಸಿರು ಬಿಗಿಹಿಡಿದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಭೋರ್ಗರೆವ ನೀರಿನ ಮೇಲೆಯೇ ನಿಂತು ಉಕ್ಕಿನ ತಡೆಹಲಗೆಗಳನ್ನು ಇಳಿಸಿದರು. ಒಂದು ವಾರದಲ್ಲಿ ಹರಿವು ನಿಂತಿತು.

ಹನ್ನೆರಡನೇ ಶತಮಾನದಲ್ಲೇ ಒಬ್ಬ ಅಂಬಿಗ, ದಾಟಿಸಿದವನನ್ನು ಮರೆಯುವ ಈ ಗುಣಕ್ಕೆ ಎದುರು ನಿಂತಿದ್ದ. ಹೆಚ್ಚಿನ ಶರಣರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಅಂಬಿಗರ ಚೌಡಯ್ಯ ತನ್ನ ಕಸುಬು ಮತ್ತು ಹೆಸರನ್ನೇ ವಚನದ ಕೊನೆಗೆ ಇಟ್ಟ. ಅವನ ವಚನ ಓದುವವರು ಪ್ರತಿ ಸಲವೂ ಅಂಬಿಗನ ಹೆಸರು ಹೇಳಿಯೇ ಮುಗಿಸಬೇಕು.

ಗಡ್ಡಿ ತೆರವಾದ ಮೇಲೆ ಗೆಳೆಯರ ಗುಂಪುಗಳು ಸಣಾಪುರ, ಆನೆಗೊಂದಿಯತ್ತ ತಿರುಗಿವೆ. ಆ ಹೊಳೆಯ ಪಾತ್ರ ಈಗ ನೀರುನಾಯಿಗಳ ಮೀಸಲು ಪ್ರದೇಶವೂ ಹೌದು. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರನ್ನು 2015ರಲ್ಲಿ ಘೋಷಿಸಲಾಗಿದೆ. ಕಾರ್ತಿಕದಿಂದ ಮಾಘದವರೆಗೆ ಅಲ್ಲಿ ಉಳಿಯಲು ಹಿತವಾದ ಕಾಲ. ಜುಲೈನಿಂದ ಅಕ್ಟೋಬರ್‌ವರೆಗೆ ಹೋಗಲೇಬೇಕೆಂದರೆ ಕೋಣೆ ಕಾದಿರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಜಲಾಶಯದ ಇಂದಿನ ಹೊರಹರಿವು ಎಷ್ಟು, ಹರಿಗೋಲು ನೀರಿಗಿಳಿದಿದೆಯೇ? ಮೊದಲನೆಯದು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯದಕ್ಕೆ ದಂಡೆಯ ಅಂಬಿಗ ಉತ್ತರಿಸಬೇಕು, ಅವನು ಬೇಡವೆಂದರೆ ಆ ವಾರ ಬಳ್ಳಾರಿಯಲ್ಲೇ ಉಳಿಯಬೇಕು.