ವಕೀಲನ ಸಂತೋಷವೂ ವಿಶ್ರಾಂತಿಯೂ

ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯ ಸಭೆಗಳೊಳಗೆ ನೇಯುವವರಿದ್ದರು, ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವವರಿದ್ದರು, ಒಕ್ಕಲುತನದವರಿದ್ದರು, ಶಾಲೆಯ ಮಾಸ್ತರರಿದ್ದರು. ವಕೀಲರು ಮಾತ್ರ ಬಹು ಅಪರೂಪವಾಗಿದ್ದರು. ಈಗ ಹಾಗಲ್ಲ. ನಮ್ಮ ಮನೆಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕಾನೂನು ಓದಿ, ಕರಿಯ ಕೋಟು ತೊಟ್ಟು, ತಾಲೂಕು ಕೋರ್ಟುಗಳಲ್ಲಿ ಬಡವರ ಪರವಾಗಿ ನಿಂತು ಮಾತಾಡುತ್ತಾರೆ. ಇದಕ್ಕಾಗಿ ದೇವರನ್ನು ಸ್ತುತಿಸತಕ್ಕದ್ದೇ. ಆದರೆ ಈ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಅವರ ಮುಖದಲ್ಲಿ ಕಾಣುವ ಆಯಾಸವು ಹೊಲದಲ್ಲಿ ದುಡಿದು ಬಂದವನ ಆಯಾಸದಂಥದ್ದಲ್ಲ. ನಿದ್ರೆ ಮಾಡಿದರೆ ಅದು ಹೋಗುವದಿಲ್ಲ. ಹೀಗಿರಲಾಗಿ ಒಂದು ವಿಷಯವನ್ನು ವಿಚಾರಿಸಬೇಕೆಂದು ನಮಗೆ ತೋಚಿತು. ವಕೀಲನು ತನ್ನ ಉದ್ಯೋಗದಲ್ಲಿ ಸಂತೋಷದಿಂದ ಇರಬಹುದೋ? ಹೆಂಡತಿಮಕ್ಕಳನ್ನೂ ಕರ್ತನ ದಿನವನ್ನೂ ಕಳಕೊಳ್ಳದೆ ಆ ಉದ್ಯೋಗವನ್ನು ನಡಿಸಬಹುದೋ? ಅದು ಆಗದಿದ್ದರೆ ಕೊರತೆ ಯಾರದು?

ಈ ಪ್ರಶ್ನೆಗೆ ನಮ್ಮೊಳಗೆ ಎರಡು ಸುಲಭವಾದ ಉತ್ತರಗಳು ಸಂಚರಿಸುತ್ತವೆ. ಮೊದಲನೆಯದೇನಂದರೆ, ವಕೀಲತನವು ಸುಳ್ಳಿನ ಕಸಬು, ವಿಶ್ವಾಸಿಯಾದವನು ಅದರಲ್ಲಿ ಸಂತೋಷವನ್ನು ಹುಡುಕಲೇಬಾರದು ಎಂಬದು. ಹೀಗೆನ್ನುವವರು ಅಪೊಸ್ತಲನಾದ ಪೌಲನ ಮೇಲೆ ದೇಶಾಧಿಪತಿಯ ಮುಂದೆ ನಯವಾದ ಮಾತುಗಳಿಂದ ದೂರು ಹೇಳಿದ ತೆರ್ತುಲ್ಲನನ್ನು ತೋರಿಸುತ್ತಾರೆ. ಆದರೆ ಅದೇ ಪೌಲನು ತೀತನಿಗೆ ಬರೆದ ಪತ್ರಿಕೆಯ ಕಡೆಯಲ್ಲಿ ನ್ಯಾಯಶಾಸ್ತ್ರಿಯಾದ ಜೇನನೆಂಬವನನ್ನು ಹೆಸರು ಹಿಡಿದು, ಅವನ ಪ್ರಯಾಣಕ್ಕೆ ಏನೂ ಕಡಿಮೆಯಾಗದಂತೆ ನೋಡಿಕೊಳ್ಳಲು ಹೇಳಿದ್ದನ್ನು ಅವರು ಮರೆಯುತ್ತಾರೆ. ನಮ್ಮ ಕರ್ತನು ಧರ್ಮೋಪದೇಶಕರನ್ನು ಗದರಿಸಿದ್ದು ನಿಜವೇ. ಅವರು ಜನರ ಮೇಲೆ ಹೊರಲಾರದ ಹೊರೆಗಳನ್ನು ಹೊರಿಸಿ ತಾವು ಒಂದು ಬೆರಳಿನಿಂದಲೂ ಅವನ್ನು ಮುಟ್ಟಲಿಲ್ಲವೆಂಬದೇ ಆ ಗದರಿಕೆಯ ಕಾರಣ. ನಮ್ಮ ಕಾಲದ ಪ್ರಾಮಾಣಿಕನಾದ ವಕೀಲನೋ ಇದಕ್ಕೆ ವಿರುದ್ಧವಾದವನು. ಆತನ ಕಷ್ಟವೆಲ್ಲಾ ಪರರ ಹೊರೆಗಳನ್ನು ಮುಟ್ಟಿ ಎತ್ತುವದರಲ್ಲಿಯೇ ಇದೆ.

ಎರಡನೆಯ ಉತ್ತರವು ಕೈತುಂಬ ಫೀಸು ಬಂದರೆ ಸಂತೋಷವು ತಾನಾಗಿಯೇ ಬರುವದೆಂಬದು. ಇದಕ್ಕೆ ಒಬ್ಬ ಪ್ರಸಿದ್ಧ ವಕೀಲರ ಚರಿತ್ರೆಯೇ ಉತ್ತರ. ಮೋಹನದಾಸ ಗಾಂಧಿಯವರು 1891ರಲ್ಲಿ ಬ್ಯಾರಿಸ್ಟರರಾಗಿ ಇಂಗ್ಲೆಂಡಿನಿಂದ ಬಂದವರು, ಮುಂಬಯಿಯ ಕೋರ್ಟಿನಲ್ಲಿ ತಮ್ಮ ಮೊದಲನೆಯ ಮೊಕದ್ದಮೆಗೆ ಎದ್ದುನಿಂತಾಗ ಬಾಯಿ ಬಾರದೆ ಕುಳಿತುಬಿಟ್ಟು, ತೆಗೆದುಕೊಂಡ 30 ರೂಪಾಯಿಗಳನ್ನು ಹಿಂದಿರುಗಿಸಿದರು. ಆಮೇಲೆ ರಾಜಕೋಟೆಗೆ ಹೋಗಿ ಅರ್ಜಿಗಳನ್ನು ಬರೆದುಕೊಡುತ್ತಾ ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದಿಸಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಮನಸ್ಸಿಗೆ ತೃಪ್ತಿ ಸಿಕ್ಕಲಿಲ್ಲ. 1893ರಲ್ಲಿ ಸಿಕ್ಕ ಒಂದು ಅವಕಾಶವನ್ನು ಹಿಡಿದು ದಕ್ಷಿಣ ಆಫ್ರಿಕಕ್ಕೆ ಹೊರಟರು.

ಅಲ್ಲಿ ನಡೆದದ್ದನ್ನು ವಾಚಕರು ತುಸು ನಿಧಾನವಾಗಿ ಕೇಳಬೇಕು. ದಾದಾ ಅಬ್ದುಲ್ಲಾ ಎಂಬ ವರ್ತಕನಿಗೂ ಅವನ ನೆಂಟನಾದ ತಯ್ಯಬ ಸೇಟನಿಗೂ ದೊಡ್ಡ ಮೊತ್ತದ ವ್ಯಾಜ್ಯವಿತ್ತು. ಇಬ್ಬರೂ ಒಂದೇ ಊರಿನವರು. ದಾದಾ ಅಬ್ದುಲ್ಲಾನ ಪಕ್ಷವು ಬಲವಾಗಿತ್ತು. ಆದರೆ ಮೊಕದ್ದಮೆಯು ಬೆಳೆದಷ್ಟೂ ಎರಡು ಮನೆಗಳೂ ಹಾಳಾಗುವವೆಂದು ಕಂಡು ಗಾಂಧಿಯವರು ಇಬ್ಬರನ್ನೂ ಒಡಂಬಡಿಸಿ ವ್ಯಾಜ್ಯವನ್ನು ಪಂಚಾಯತಿಗೆ ಒಪ್ಪಿಸಿದರು. ತೀರ್ಪು ದಾದಾ ಅಬ್ದುಲ್ಲಾನ ಕಡೆಗೆ ಆಯಿತು. ತಯ್ಯಬ ಸೇಟನು ಸುಮಾರು 37,000 ಪೌಂಡುಗಳನ್ನೂ ಖರ್ಚನ್ನೂ ಕೊಡಬೇಕಾಗಿತ್ತು; ಒಂದೇ ಸಲಕ್ಕೆ ಕೊಟ್ಟರೆ ದಿವಾಳಿಯಾಗುತ್ತಿದ್ದನು. ಆಗ ಈ ವಕೀಲರು ಗೆದ್ದವನ ಬಳಿಗೇ ಹೋಗಿ ಬಹಳ ಪ್ರಯಾಸಪಟ್ಟು, ಹಣವನ್ನು ದೀರ್ಘಕಾಲದ ಕಂತುಗಳಲ್ಲಿ ತೆಗೆದುಕೊಳ್ಳುವಂತೆ ಒಪ್ಪಿಸಿದರು. ಒಡೆದ ಎರಡು ಪಕ್ಷಗಳನ್ನು ಕೂಡಿಸುವದೇ ವಕೀಲನ ನಿಜವಾದ ಕೆಲಸವೆಂದು ತಿಳಿದು ತಮಗೆ ಅಪಾರವಾದ ಆನಂದವಾಯಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರಾಜಕೋಟೆಯ 300 ರೂಪಾಯಿ ಕೊಡಲಾರದ್ದನ್ನು ಈ ಒಂದು ರಾಜಿ ಕೊಟ್ಟಿತು. ಅವರು ನಮ್ಮ ಮತದವರಲ್ಲದಿದ್ದರೂ ಈ ಕೆಲಸವು ಸಮಾಧಾನಪಡಿಸುವವರನ್ನು ಧನ್ಯರೆಂದ ಕರ್ತನ ಮನಸ್ಸಿಗೆ ಒಪ್ಪುವಂಥದ್ದೆಂದು ಹೇಳಲು ನಾವು ಹಿಂಜರಿಯುವದಿಲ್ಲ.

ಆದರೆ ಎಲ್ಲಾ ವ್ಯಾಜ್ಯಗಳಿಗೂ ರಾಜಿಯೇ ಮದ್ದೆಂದು ಯಾರೂ ತಿಳಿಯಬಾರದು. ಗಂಡನಿಂದ ಪೆಟ್ಟು ತಿಂದವಳಿಗೂ, ಬಲಿಷ್ಠರಿಂದ ಭೂಮಿಯನ್ನು ಕಳಕೊಂಡ ಬಡವನಿಗೂ, ಹೋಗಿ ಸಮಾಧಾನ ಮಾಡಿಕೊಳ್ಳಿರಿ ಎನ್ನುವದು ಅನ್ಯಾಯವನ್ನು ಮುಚ್ಚಿಡುವದಕ್ಕೆ ಸಮಾನ. ಅಂಥಲ್ಲಿ ವಕೀಲನ ಸಂತೋಷವು ಬೇರೊಂದು ವಿಧವಾದದ್ದು, ಅಂದರೆ ಮೂಕರಾದವರಿಗೆ ಬಾಯಾಗುವದು. ಕಾರ್ನೇಲಿಯಾ ಸೊರಾಬ್ಜಿ ಎಂಬ ಸಹೋದರಿಯ ಹೆಸರನ್ನು ಇಲ್ಲಿ ಹೇಳಬೇಕು. ಆಕೆಯು 1866ರಲ್ಲಿ ನಾಸಿಕದಲ್ಲಿ, ಪಾರ್ಸಿ ಮತದಿಂದ ಕ್ರಿಸ್ತನ ಕಡೆಗೆ ಬಂದ ಬೋಧಕರ ಮನೆಯಲ್ಲಿ ಹುಟ್ಟಿದಳು. ಬಾಲ್ಯದ ಕೆಲವು ವರುಷಗಳನ್ನು ನಮ್ಮ ಬೆಳಗಾವಿಯಲ್ಲಿ ಕಳೆದಳು. ಆಕ್ಸಫರ್ಡಿನಲ್ಲಿ ಕಾನೂನು ಓದಿ 1892ರಲ್ಲಿ ಪರೀಕ್ಷೆಯನ್ನು ಮುಗಿಸಿದಳು. ಹೆಂಗಸೆಂಬ ಕಾರಣದಿಂದ ಪದವಿಯು ಕೈಗೆ ಬಂದದ್ದು 30 ವರುಷಗಳ ಮೇಲೆ. ಹೆಂಗಸರು ವಕೀಲತನ ಮಾಡಬಹುದೆಂಬ ಕಾಯಿದೆಯು ಈ ದೇಶದಲ್ಲಿ ಬಂದದ್ದು 1923ರಲ್ಲಿ. ಅಷ್ಟು ಕಾಲ ಆಕೆಯು ಸುಮ್ಮನೆ ಕೂಡ್ರಲಿಲ್ಲ. ಪರದೆಯೊಳಗಿದ್ದ ಜಮೀನ್ದಾರ ಮನೆಗಳ ವಿಧವೆಯರು ಪರಪುರುಷರೊಡನೆ ಮಾತಾಡಲಾರದೆ, ತಮ್ಮ ಆಸ್ತಿಯನ್ನು ಇತರರು ನುಂಗುವದನ್ನು ನೋಡುತ್ತಾ ಕೂತಿದ್ದರಷ್ಟೆ. 1904ರಿಂದ ಸರಕಾರದ ವಾರ್ಡುಗಳ ಇಲಾಖೆಯಲ್ಲಿ ಕೆಲಸಮಾಡುತ್ತಾ, ಬಂಗಾಲ ಮೊದಲಾದ ಸೀಮೆಗಳಲ್ಲಿ ಬಹು ದೂರದೂರ ಪ್ರಯಾಣಮಾಡಿ, ಅಂಥವರ ಸಂಕಟವನ್ನು ಆಕೆಯು ಪರದೆಯ ಒಳಗೆ ಹೋಗಿ ಕೇಳಿದಳು. ಆಕೆಯ ರಾಜಕೀಯ ಅಭಿಪ್ರಾಯಗಳಲ್ಲಿ ಹಲವು ನಮಗೆ ಒಪ್ಪಿಗೆಯಿಲ್ಲ. ದೇಶದ ಸ್ವಾತಂತ್ರ್ಯದ ಚಳವಳಿಯನ್ನು ಆಕೆಯು ವಿರೋಧಿಸಿದಳು. ಆದರೂ ತನ್ನ ಕೆಲಸದ ಪ್ರಯೋಜನವನ್ನು ಕುರಿತು ಸಂದೇಹಪಡುವ ತರುಣ ವಕೀಲರು ಆ ವಿಧವೆಯರನ್ನು ನೆನಸಿಕೊಳ್ಳುವದು ಒಳ್ಳೇದು.

ಹಾಗಾದರೆ ಒಳ್ಳೇ ಕೆಲಸವು ಸಿಕ್ಕಿತೆಂದರೆ ಎಲ್ಲವೂ ಸರಿಹೋಯಿತೋ? ಇಲ್ಲ. ಕೆಲಸದ ಸಂತೋಷವು ಒಂದು, ಮನೆಯ ಕ್ಷೇಮವು ಇನ್ನೊಂದು. ಮೊದಲನೆಯದು ಹೆಚ್ಚಾದಷ್ಟೂ ಎರಡನೆಯದಕ್ಕೆ ಅಪಾಯವೂ ಹೆಚ್ಚು. ಯಾಕಂದರೆ ಬೇಸರದ ಕೆಲಸವನ್ನು ಬಿಟ್ಟು ಮನೆಗೆ ಹೋಗಲು ಮನಸ್ಸು ತವಕಪಡುತ್ತದೆ. ಪ್ರೀತಿಯ ಕೆಲಸವನ್ನು ಬಿಟ್ಟೇಳಲು ಮನಸ್ಸೇ ಬಾರದು. ಗಾಂಧಿಯವರ ಹಿರೀ ಮಗನು ತಾನೂ ಬ್ಯಾರಿಸ್ಟರನಾಗಬೇಕೆಂದು ಆಶಿಸಿ, ತಂದೆಯ ಅನುಮತಿಯಿಲ್ಲದೆ ನೊಂದು ದೂರವಾದ ಸಂಗತಿಯನ್ನು ಬಲ್ಲವರು, ಲೋಕಕ್ಕೆಲ್ಲಾ ನ್ಯಾಯ ಹುಡುಕಿದವರ ಮನೆಯಲ್ಲಿಯೂ ಎಂಥ ವೇದನೆ ಇರಬಹುದೆಂದು ತಿಳಿಯುವರು.

ವಕೀಲನ ಕೆಲಸಕ್ಕೆ ಇನ್ನೊಂದು ಗುಣವೂ ಉಂಟು. ನೇಕಾರನ ಹಾಸಿಗೆ ಅಳತೆಯುಂಟು. ಉಳುವವನಿಗೆ ಕತ್ತಲೆಯಾಗುತ್ತದೆ, ಎತ್ತುಗಳೇ ಅವನನ್ನು ಮನೆಗೆ ಎಳಕೊಂಡು ಬರುತ್ತವೆ. ವಕೀಲನ ಕೆಲಸಕ್ಕೆ ಅಂಚಿಲ್ಲ. ಎದುರು ಪಕ್ಷದ ವಕೀಲನು ಈ ರಾತ್ರಿ ಇನ್ನೊಂದು ಪುಸ್ತಕವನ್ನು ಓದುತ್ತಿರಬಹುದೆಂಬ ಯೋಚನೆಯೇ ದೀಪವನ್ನು ಆರಿಸಗೊಡುವದಿಲ್ಲ. ತಾರೀಖು ಮುಂದಕ್ಕೆ ಹೋದರೆ ಚಿಂತೆಯೂ ಅದರೊಡನೆ ಮುಂದಕ್ಕೆ ಹೋಗುತ್ತದೆ. ಮೊಬೈಲು ಬಂದ ಮೇಲಂತೂ ಕಕ್ಷಿಗಾರನು ಊಟದ ತಟ್ಟೆಯ ಪಕ್ಕದಲ್ಲಿಯೇ ಕೂತಂತಾಯಿತು. ಇಷ್ಟೆಲ್ಲಾ ಆದ ಮೇಲೂ ಫಲವು ಆತನ ಕೈಯಲ್ಲಿಲ್ಲ, ನ್ಯಾಯಾಧೀಶನ ಕೈಯಲ್ಲಿದೆ. ನಮ್ಮ ದೇಶದ ವಕೀಲರ ಪರಿಷತ್ತಿನ ನಿಯಮಗಳಲ್ಲಿ, ಗೆದ್ದರೆ ಇಷ್ಟು ಕೊಡು ಎಂದು ಫಲದ ಮೇಲೆ ಫೀಸನ್ನು ಗೊತ್ತುಮಾಡಬಾರದೆಂದು ವಿಧಿಸಿದೆ. ಇದನ್ನು ಮಾಡಿದವರು ಹಣದ ದುರಾಶೆಯನ್ನು ತಡೆಯಲಿಕ್ಕೆ ಮಾಡಿರಬಹುದು. ನಮಗಾದರೋ ಇದರಲ್ಲಿ ಆತ್ಮಕ್ಕೂ ಒಂದು ಔಷಧವು ಕಾಣುತ್ತದೆ. ನಂಬಿಗಸ್ತನಾಗಿ ವಾದಿಸುವದು ವಕೀಲನ ಪಾಲು, ತೀರ್ಪು ಆತನ ಪಾಲಲ್ಲ. ತಪ್ಪು ಮಾಡಿದವನ ಪಕ್ಷವನ್ನು ಹಿಡಿಯಬಹುದೋ ಎಂದು ಕೆಲವರು ನಮ್ಮನ್ನು ಕೇಳುವದುಂಟು. ಸುಳ್ಳನ್ನು ಹುಟ್ಟಿಸದೆ, ಸಾಕ್ಷಿಯನ್ನು ಕೆಡಿಸದೆ, ಅವನಿಗೂ ನ್ಯಾಯವಾದ ವಿಚಾರಣೆಯು ಸಿಕ್ಕುವಂತೆ ನಿಲ್ಲುವದು ಪಾಪವಲ್ಲವೆಂದು ನಮ್ಮ ಅಭಿಪ್ರಾಯ.

ಈಗ ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ತೆರೆಯೋಣ. ಮೋಶೆಯು ತನ್ನ ಹೆಂಡತಿಯಾದ ಚಿಪ್ಪೋರಳನ್ನು ತವರಿಗೆ ಕಳುಹಿಸಿದ್ದನು. ಮಾವನಾದ ಇತ್ರೋನನು ಆಕೆಯನ್ನೂ ಇಬ್ಬರು ಮಕ್ಕಳನ್ನೂ ಕರಕೊಂಡು ಅಡವಿಯಲ್ಲಿದ್ದ ಪಾಳೆಯಕ್ಕೆ ಬಂದನು. ಮೋಶೆಯು ಮಾವನನ್ನು ಎದುರುಗೊಂಡು ನಮಸ್ಕರಿಸಿ ಮುದ್ದಿಟ್ಟು ಗುಡಾರದೊಳಗೆ ಕರೆದನೆಂದು ಬರೆದದೆ. ಹೆಂಡತಿಮಕ್ಕಳನ್ನು ಹೇಗೆ ಎದುರುಗೊಂಡನೆಂಬದು ಬರೆಯಲ್ಪಟ್ಟಿಲ್ಲ. ಬರೆಯದ್ದನ್ನು ನಾವು ಊಹಿಸಬಾರದು. ಆದರೆ ಮರುದಿನದ ಸಂಗತಿಯು ಸ್ಪಷ್ಟವಾಗಿದೆ. ಬಹುಕಾಲದ ಮೇಲೆ ಮಕ್ಕಳು ಬಂದ ಮಾರನೆಯ ದಿನವೇ ಮೋಶೆಯು ನ್ಯಾಯತೀರಿಸಲು ಕೂತನು, ಮುಂಜಾನೆಯಿಂದ ಸಾಯಂಕಾಲದ ವರೆಗೂ ಜನರು ಅವನ ಸುತ್ತಲೂ ನಿಂತಿದ್ದರು. ಮಾವನು ಅದನ್ನೆಲ್ಲಾ ನೋಡಿದನು. ಮಗಳನ್ನು ಕೊಟ್ಟವನ ಕಣ್ಣು ಅದು. ನೀನು ಮಾಡುವದು ಒಳ್ಳೇದಲ್ಲವೆಂದು ಅವನು ಹೇಳಿದ್ದರಲ್ಲಿ ಒಂದು ಅಂಶವನ್ನು ನಮ್ಮವರು ಸಾಮಾನ್ಯವಾಗಿ ಗಮನಿಸುವದಿಲ್ಲ. ಮೋಶೆಯು ಬಳಲುವನೆಂದು ಮಾತ್ರ ಅವನು ಹೇಳಲಿಲ್ಲ. ಅವನ ಸಂಗಡ ಜನರೂ ಬಳಲಿಹೋಗುವರೆಂದನು. ಆಮೇಲೆ, ಜನರಿಗೆ ನಿಯಮಗಳನ್ನು ಕಲಿಸು, ಲಂಚವನ್ನು ಹಗೆಮಾಡುವ ದೈವಭಕ್ತರನ್ನು ಆರಿಸಿ ಚಿಕ್ಕ ವ್ಯಾಜ್ಯಗಳನ್ನು ಅವರಿಗೆ ಬಿಡು, ಕಠಿನವಾದವು ಮಾತ್ರ ನಿನ್ನ ಬಳಿಗೆ ಬರಲಿ ಎಂಬ ಅರ್ಥದ ಬುದ್ಧಿಯನ್ನು ಕೊಟ್ಟನು. ದೇವರೊಡನೆ ಮಾತಾಡಿದ ಮೋಶೆಯು, ಇಸ್ರಾಯೇಲ್ಯನಲ್ಲದ ಈ ಮಿದ್ಯಾನ್ಯನ ಮಾತನ್ನು ಕೇಳಿ ಹಾಗೆಯೇ ಮಾಡಿದನು.

ಆದಕಾರಣ ಈ ಕೊರತೆಯು ವಕೀಲನೊಬ್ಬನದೇ ಅಲ್ಲ, ಸುತ್ತಲೂ ನಿಂತವರದೂ ಅಹುದು. ನಮ್ಮ ಸಭೆಗಳಿಂದ ಒಬ್ಬ ಹುಡುಗನು ವಕೀಲನಾದರೆ ಏನಾಗುತ್ತದೆ ನೋಡಿರಿ. ಆದಿತ್ಯವಾರ ಆರಾಧನೆಯು ಮುಗಿದು ಆಶೀರ್ವಚನದ ಧ್ವನಿಯು ಆರುವ ಮೊದಲೇ ಪಹಣಿಯ ಕಾಗದ, ಸರ್ವೆಯ ನಕ್ಷೆ, ತಾತನ ಕಾಲದ ಕ್ರಯಪತ್ರ ಇವುಗಳ ಕಟ್ಟುಗಳು ದೇವಾಲಯದ ಮೆಟ್ಟಲಿನ ಮೇಲೆಯೇ ಬಿಚ್ಚಲ್ಪಡುತ್ತವೆ. ಫೀಸಿನ ಮಾತೆತ್ತಿದರೆ, ನಮ್ಮವನೇ ಅಲ್ಲವೇ ಎನ್ನುತ್ತಾರೆ. ಆತನ ಹೆಂಡತಿಯು ಕೂಸನ್ನು ಎತ್ತಿಕೊಂಡು ಮರದ ನೆರಳಿನಲ್ಲಿ ಕಾಯುತ್ತಾಳೆ. ವ್ಯಾಜ್ಯವು ಏನೆಂದರೆ, ಒಂದು ಮೊಳ ಬದುವಿನದು. ವಾದಿಯೂ ಪ್ರತಿವಾದಿಯೂ ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಳ್ಳುವವರು. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಹೋದರರ ನಡುವೆ ತೀರ್ಮಾನಿಸುವಂಥ ಬುದ್ಧಿವಂತನು ನಿಮ್ಮಲ್ಲಿ ಒಬ್ಬನೂ ಇಲ್ಲವೋ ಎಂಬ ಅರ್ಥದಲ್ಲಿ ಪೌಲನು ಕೊರಿಂಥದವರನ್ನು ನಾಚಿಸಿದ್ದು ಇಂಥ ಬದುಗಳಿಗಾಗಿಯೇ ಇರಬೇಕು.

ಸರಕಾರವೂ ತನ್ನ ರೀತಿಯಲ್ಲಿ ಇತ್ರೋನನ ಬುದ್ಧಿಯನ್ನು ಕೇಳಿದೆಯೆನ್ನಬಹುದು. 2008ರ ಜುಲೈ ತಿಂಗಳಿನ ವರೆಗೆ ಬೆಳಗಾವಿಯವನೂ ಬೀದರದವನೂ ಹೈಕೋರ್ಟಿನ ಕೆಲಸಕ್ಕಾಗಿ ರಾತ್ರಿಯೆಲ್ಲಾ ಪ್ರಯಾಣಮಾಡಿ ಬೆಂಗಳೂರಿಗೆ ಹೋಗಬೇಕಾಗಿತ್ತು, ಅವರ ವಕೀಲರಿಗೂ ಅದೇ ಅಲೆದಾಟ. ಆಗ ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಸಂಚಾರಿ ಪೀಠಗಳು ತೆರೆದವು, 2013ರಲ್ಲಿ ಅವು ಕಾಯಂ ಆದವು. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಮುಗಿಸಿಕೊಂಡ ವ್ಯಾಜ್ಯಕ್ಕೆ ಅಪೀಲಿಲ್ಲ. ಕೋರ್ಟಿಗೆ ಕಟ್ಟಿದ ಶುಲ್ಕವು ಹಿಂದಕ್ಕೆ ಬರುತ್ತದೆ. ಅದೇ ಕಾಯಿದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಬಂಧನದಲ್ಲಿರುವವರಿಗೂ ಧರ್ಮಾರ್ಥವಾಗಿ ವಕೀಲರು ದೊರೆಯುತ್ತಾರೆ. ತಾಲೂಕು ಕೋರ್ಟಿನಲ್ಲಿಯೇ ಇದಕ್ಕೆ ಸಮಿತಿಯುಂಟು. ಸಭೆಯ ಹಿರಿಯರು ಇದನ್ನು ತಿಳಿದು ಜನರಿಗೆ ಹೇಳಿದರೆ ಅರ್ಧ ಕಟ್ಟುಗಳು ಮೆಟ್ಟಲಿನ ಮೇಲೆ ಬಿಚ್ಚಲ್ಪಡಲಾರವು. ಉಳಿದ ಕಾಗದಗಳನ್ನು ಅಕ್ಷರಬಲ್ಲ ಒಬ್ಬ ಹಿರಿಯನು ಶನಿವಾರ ಸಂಜೆ ಓದಿನೋಡಿ, ವಕೀಲನಿಗೆ ಯಾವದು ಬೇಕು, ಪಂಚರಿಗೆ ಯಾವದು ಸಾಕು ಎಂದು ವಿಂಗಡಿಸಬಹುದು.

ವಕೀಲರಾದ ನಮ್ಮ ಮಕ್ಕಳಿಗೂ ಒಂದು ಮಾತು. ಆದಿತ್ಯವಾರ ಬಾಗಲು ಮುಚ್ಚಿದರೆ ಬಡವನನ್ನು ಕೈಬಿಟ್ಟಂತಾಗುವದೋ ಎಂಬ ಸಂಕಟವು ನಿಮಗೆ ಇರುವದನ್ನು ಬಲ್ಲೆವು. ಸಬ್ಬತ್ ದಿನದಲ್ಲಿ ಬಾವಿಯೊಳಗೆ ಬಿದ್ದ ಎತ್ತನ್ನು ಮೇಲಕ್ಕೆ ತೆಗೆಯದಿರುವವರು ಯಾರೆಂದು ಕರ್ತನು ಕೇಳಿದನಷ್ಟೆ. ಶನಿವಾರ ರಾತ್ರಿ ಪೊಲೀಸರು ಒಬ್ಬನನ್ನು ಹಿಡಿದೊಯ್ದರೆ, ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸುಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿಯು ಹೇಳುತ್ತದೆ. ಆ ತಾಸುಗಳು ಆದಿತ್ಯವಾರದಲ್ಲಿಯೇ ಕಳೆಯುತ್ತವೆ. ಅಂಥ ದಿನ ಕೀರ್ತನೆಯ ನಡುವೆಯೇ ಎದ್ದುಹೋಗಿರಿ, ಹೆಂಡತಿಮಕ್ಕಳೂ ಸಭೆಯವರೂ ನಿಮ್ಮನ್ನು ಆಶೀರ್ವದಿಸಿ ಕಳುಹಿಸುವರು. ಬದುವಿನ ವ್ಯಾಜ್ಯವೋ, ಅದು ಬಾವಿಗೆ ಬಿದ್ದು ಹನ್ನೆರಡು ವರುಷಗಳಾದವು; ಸೋಮವಾರದ ವರೆಗೆ ಅದಕ್ಕೆ ಏನೂ ಆಗುವದಿಲ್ಲ.