ಕಾಣದ ಸಂತೆಯ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಬಿಟ್ಟಾನೆಯೆ ಎಂಬ ಗಾದೆ ನಮ್ಮ ಅಜ್ಜಿಯಂದಿರ ಬಾಯಲ್ಲಿ ಸದಾ ಇರುತ್ತಿತ್ತು. ಈಗಲೂ ಎಲ್ಲಾದರೂ ಕೇಳಿಬರುತ್ತದೆ. ಆ ಗಾದೆಯೊಳಗೆ ಒಂದು ಚಿತ್ರವಿದೆ ನೋಡಿ. ಊರ ಬಾಗಿಲು, ಅಲ್ಲೊಂದು ಕಟ್ಟೆ, ಕಟ್ಟೆಯ ಮೇಲೆ ಸುಂಕದವ, ಅವನೆದುರು ಎತ್ತಿನ ಮೇಲೆ ಹೇರು ಹೇರಿಕೊಂಡು ಬಂದು ನಿಂತ ವ್ಯಾಪಾರಿ. ಸುಂಕದವ ಕಟುಕನೇ ಇರಬಹುದು, ಆದರೆ ಇಬ್ಬರೂ ಎದುರುಬದುರು ನಿಂತಿದ್ದಾರೆ. ಹೇರು ಕಣ್ಣಿಗೆ ಕಾಣುತ್ತದೆ. ಸುಂಕ ಕೊಡದೆ ಒಳಗೆ ಹೋಗುವ ಹಾಗಿಲ್ಲ.

ಈಗ ನಮ್ಮ ಮನೆಗಳಲ್ಲಿ ನಡೆಯುವ ಒಂದು ಸಂತೆಯಲ್ಲಿ ಬಾಗಿಲೂ ಇಲ್ಲ, ಕಟ್ಟೆಯೂ ಇಲ್ಲ. ಮೊಬೈಲಿನಲ್ಲಿ ಹಾಡು ಕೇಳುತ್ತೇವೆ, ಸಿನಿಮಾ ನೋಡುತ್ತೇವೆ, ಮಕ್ಕಳು ಪಾಠ ಕಲಿಯುತ್ತಾರೆ, ಆಟ ಆಡುತ್ತಾರೆ. ಮಾರುವವನು ಎಲ್ಲೋ ಸಮುದ್ರದಾಚೆ. ಸರಕಿಗೆ ತೂಕವಿಲ್ಲ. ಹಡಗಿನಲ್ಲಿ ಬರುವುದಿಲ್ಲವಾದ್ದರಿಂದ ಬಂದರಿನಲ್ಲಿ ಅದನ್ನು ಬಿಚ್ಚಿ ನೋಡುವ ಅಧಿಕಾರಿಯೂ ಇಲ್ಲ. ಇಂಥ ಸಂತೆಯಲ್ಲಿ ಸುಂಕ ಯಾರ ಊರಿಗೆ ಸೇರಬೇಕು? ಯಾರೂ ಕಾಯದ ಬಾಗಿಲಲ್ಲಿ ಯಾರಾದರೂ ತಾವಾಗಿಯೇ ನಿಂತು ಸುಂಕ ಕೊಟ್ಟಾರೆಯೆ? ಕೆಲವು ದಿನಗಳಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿದೆ. ಇದಕ್ಕೆ ಕಾರಣ ನನ್ನ ತಂಗಿಯ ಮಗಳು. ಅವಳು ಚಂದಾ ಕಟ್ಟುವ ಒಂದು ವಿದೇಶಿ ಕಂಪನಿಯ ಬಿಲ್ಲಿನ ಕೆಳಗೆ ಐಜಿಎಸ್‌ಟಿ ಶೇಕಡಾ 18 ಎಂದು ಬರೆದಿತ್ತು. "ದೊಡ್ಡಮ್ಮ, ಕಂಪನಿ ಇಲ್ಲಿಲ್ಲ, ಅವರದೊಂದು ಆಫೀಸೂ ಇಲ್ಲಿಲ್ಲ. ಈ ದುಡ್ಡು ಯಾರಿಗೆ ಹೋಗುತ್ತೆ?" ಎಂದು ಕೇಳಿದಳು.

ನಮ್ಮ ಸರ್ಕಾರಕ್ಕೇ ಹೋಗುತ್ತದೆ, ಹೋಗಬೇಕು. ಹೊರದೇಶದಿಂದ ಆನ್‌ಲೈನಿನಲ್ಲಿ ಸೇವೆ ಒದಗಿಸುವವರು ನಮ್ಮಂಥ ಸಾಮಾನ್ಯ ಗ್ರಾಹಕರಿಗೆ ಮಾರಿದರೆ ಇಲ್ಲಿನ ತೆರಿಗೆ ಕಟ್ಟಬೇಕು ಎಂಬ ನಿಯಮ 2016ರ ಡಿಸೆಂಬರ್ 1ರಿಂದ ಇದೆ. ಆಗ ಅದು ಸೇವಾ ತೆರಿಗೆ, ಶೇಕಡಾ 15. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಶೇಕಡಾ 18 ಆಯಿತು. ಕೊಳ್ಳುವವರು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರಾದರೆ ತೆರಿಗೆಯನ್ನು ಅವರೇ ಕಟ್ಟುತ್ತಾರೆ. ನಮ್ಮ ನಿಮ್ಮಂಥ ಮನೆಮಂದಿಯಾದರೆ ಆ ಹೊಣೆ ವಿದೇಶಿ ಕಂಪನಿಯದು. ಅದು ಇಲ್ಲಿ ನೋಂದಾಯಿಸಿಕೊಂಡು ಪ್ರತಿ ತಿಂಗಳ ಲೆಕ್ಕವನ್ನು ಮರುತಿಂಗಳು 20ರೊಳಗೆ ಒಪ್ಪಿಸಬೇಕು. ಇದರಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಕಂಪನಿ ಜಗತ್ತಿನ ಯಾವ ಮೂಲೆಯದಾದರೂ ಈ ನೋಂದಣಿಗೆ ಇಡೀ ದೇಶಕ್ಕೆ ಒಬ್ಬರೇ ಅಧಿಕಾರಿ, ಬೆಂಗಳೂರು ಪಶ್ಚಿಮದ ಕೇಂದ್ರ ತೆರಿಗೆ ಪ್ರಧಾನ ಆಯುಕ್ತರು. ಹಳೆಯ ಸುಂಕದ ಕಟ್ಟೆಯನ್ನು ಹುಡುಕಿಕೊಂಡು ಹೊರಟರೆ ಅದು ಬೆಂಗಳೂರಿನಲ್ಲೇ ಸಿಗುತ್ತದೆ ಎನ್ನಿ!

ಪರದೇಶದ ಕಂಪನಿ ನಮಗೇಕೆ ತೆರಿಗೆ ಕೊಡಬೇಕು, ಅದು ನಮ್ಮ ರಸ್ತೆಯಲ್ಲಿ ಓಡಾಡಿತೆ, ನಮ್ಮ ನೀರು ಕುಡಿಯಿತೆ ಎಂದು ಕೇಳುವವರಿದ್ದಾರೆ. ಮೇಲ್ನೋಟಕ್ಕೆ ಸರಿಯಾದ ಮಾತು. ಆದರೆ ಈ ಜಾತಿಯ ತೆರಿಗೆ ಮಾರುವವನ ಲಾಭದ ಮೇಲಿನದಲ್ಲ. ನಮ್ಮಲ್ಲಿ 2005ರ ಏಪ್ರಿಲ್‌ನಲ್ಲಿ ಬಂದ ವ್ಯಾಟ್ ಇರಲಿ, ಈಗಿನ ಜಿಎಸ್‌ಟಿ ಇರಲಿ, ಅದನ್ನು ಕೊನೆಗೆ ಹೊರುವವರು ಕೊಂಡು ಬಳಸಿದವರು. ನಡುವೆ ನಿಂತವನು ಬಸ್ ಕಂಡಕ್ಟರ್ ಇದ್ದಂತೆ. ಅವನ ಚರ್ಮದ ಚೀಲದಲ್ಲಿ ಎಷ್ಟು ದುಡ್ಡಿದ್ದರೂ ಅದು ಅವನದಲ್ಲ, ಸಂಜೆ ಡಿಪೋಕ್ಕೆ ಸೇರಬೇಕಾದದ್ದು. ಹೀಗೆ ನೋಡಿದರೆ ವಿದೇಶಿ ಕಂಪನಿ ನಮಗೆ ಉಪಕಾರವನ್ನೇನೂ ಮಾಡುತ್ತಿಲ್ಲ. ನನ್ನ ತಂಗಿಯ ಮಗಳು ಕೊಟ್ಟ ಹಣವನ್ನು ಅವಳ ಊರಿಗೇ ತಲುಪಿಸುತ್ತಿದೆ, ಅಷ್ಟೆ. ಉಂಡವರ ಊರಿಗೆ ಸುಂಕ ಎಂಬುದು ನ್ಯಾಯವೇ ಎಂದು ನನಗೆ ತೋರುತ್ತದೆ. 2016ಕ್ಕೆ ಮುಂಚೆ ಇಲ್ಲಿನ ಕಂಪನಿಯೊಂದು ಮನೆಮಕ್ಕಳಿಗೆ ಆನ್‌ಲೈನ್ ಸೇವೆ ಮಾರಿದರೆ ತೆರಿಗೆ ಸೇರಿಸಬೇಕಾಗಿತ್ತು. ಅದೇ ಸೇವೆಯನ್ನು ಹೊರಗಿನವನು ಮಾರಿದರೆ ತೆರಿಗೆಯೇ ಇರಲಿಲ್ಲ. ಮನೆಯ ಸೊಸೆಗೆ ಲೆಕ್ಕ ಕೇಳಿ, ಬಂದ ನೆಂಟರಿಗೆ ಕೈ ಬಿಚ್ಚಿ ಬಡಿಸಿದಂತೆ ಇತ್ತು ಅದು.

ಹಾಗಾದರೆ ಉಂಡವರು ಯಾವ ಊರಿನವರೆಂದು ತಿಳಿಯುವುದು ಹೇಗೆ? ಕಾನೂನು ಏಳು ಗುರುತುಗಳನ್ನು ಹೇಳುತ್ತದೆ. ಕೊಳ್ಳುವವರು ಕೊಟ್ಟ ವಿಳಾಸ, ಬಿಲ್ಲಿನ ವಿಳಾಸ, ಕಾರ್ಡ್ ಯಾವ ದೇಶದ್ದು, ಬ್ಯಾಂಕ್ ಖಾತೆ ಎಲ್ಲಿಯದು, ಸಿಮ್ ಯಾವ ದೇಶದ್ದು, ಕಂಪ್ಯೂಟರಿನ ಐಪಿ ವಿಳಾಸ, ಮನೆಯ ಸ್ಥಿರ ದೂರವಾಣಿ. ಒಂದಕ್ಕೊಂದು ವಿರೋಧವಿಲ್ಲದ ಎರಡು ಗುರುತು ಇಲ್ಲಿಯವಾದರೆ ಗ್ರಾಹಕರು ಇಲ್ಲಿಯವರೇ ಎಂದು ತಿಳಿಯಬೇಕು. ಇದನ್ನು ಓದುವಾಗ ನನಗೆ ನಗು ಬಂತು. ಧಾರವಾಡದಲ್ಲಿರುವ ತಾಯಿ ಭೀಮಸೇನ ಜೋಶಿಯವರನ್ನು ಕೇಳಲೆಂದು ಅಮೆರಿಕೆಯಲ್ಲಿರುವ ಮಗ ತನ್ನ ಕಾರ್ಡಿನಿಂದ ಚಂದಾ ಕಟ್ಟುತ್ತಾನೆ ಎನ್ನೋಣ. ಕಾರ್ಡು ಅಲ್ಲಿಯದು, ಕಿವಿ ಇಲ್ಲಿಯದು. ಮಗನ ಪ್ರೀತಿಗೆ ಯಾವ ದೇಶದ ತೆರಿಗೆ? ತಾಯಿಯ ಸಿಮ್ಮು ಮತ್ತು ಐಪಿ ವಿಳಾಸ ಎರಡೂ ಇಲ್ಲಿಯವಾದ್ದರಿಂದ ಕಾನೂನು ಭಾರತವನ್ನೇ ಆರಿಸಿಕೊಂಡೀತು. ಒಟ್ಟಿನಲ್ಲಿ ಹಾಡು ಕೇಳಿದ ಕಿವಿಯ ಪರವಾಗಿಯೇ ತೀರ್ಪು.

ಇದರ ಇನ್ನೊಂದು ಮುಖ ಅಷ್ಟು ನಗುವಂಥದಲ್ಲ. ಯಾವುದೋ ಅಗ್ಗದ ದೇಶದ ವಿಳಾಸ ಕೊಟ್ಟು ಕಡಿಮೆ ಬೆಲೆಗೆ ಚಂದಾ ಪಡೆಯುವುದನ್ನು ಈಗಿನ ಹುಡುಗರು ಜಾಣತನವೆಂದು ಹೇಳಿಕೊಳ್ಳುತ್ತಾರೆ. ಕಂಪನಿಗೆ ಮೋಸ ಮಾಡಿದೆವು ಎಂದು ಅವರ ಹಿಗ್ಗು. ತಮ್ಮ ಊರಿಗೆ ಸೇರಬೇಕಾದ ತೆರಿಗೆಯೂ ಅದರ ಜೊತೆಗೇ ಹಾರಿಹೋಯಿತು ಎಂಬುದು ಅವರ ಲೆಕ್ಕದಲ್ಲಿಲ್ಲ. ಆದರೆ ನನ್ನ ತಲೆ ಕೆಡಿಸಿದ್ದು ಈ ಹುಡುಗರಲ್ಲ. ನನ್ನನ್ನು ಕಾಡಿದವರು ಹೆಣಿಗೆಯ ಹೆಂಗಸರು.

ಆ ಕಥೆ ನಡೆದದ್ದು ಬ್ರಿಟನ್ನಿನಲ್ಲಿ. ಹೊರಗಿನಿಂದ ಬರುವ ಇಂಥ ಸೇವೆಗೆ ಮೌಲ್ಯವರ್ಧಿತ ತೆರಿಗೆ ಕೇಳುವ ಪದ್ಧತಿಯನ್ನು ಐರೋಪ್ಯ ಒಕ್ಕೂಟ 2003ರ ಜುಲೈನಲ್ಲೇ ತಂದಿತ್ತು. ಆದರೆ ಒಕ್ಕೂಟದೊಳಗಿನ ಕಂಪನಿಗಳಿಗೆ 2014ರ ಕೊನೆಯವರೆಗೂ ತಾವಿರುವ ದೇಶದ ದರವೇ ಅನ್ವಯವಾಗುತ್ತಿತ್ತು. ಪುಟ್ಟ ದೇಶ ಲಕ್ಸೆಂಬರ್ಗಿನಲ್ಲಿ ದರ ಶೇಕಡಾ 15, ಹಂಗೆರಿಯಲ್ಲಿ ಶೇಕಡಾ 27. ದೊಡ್ಡ ಕಂಪನಿಗಳು ಎಲ್ಲಿ ಮನೆ ಮಾಡಿರಬಹುದು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇದನ್ನು ತಪ್ಪಿಸಲೆಂದು 2015ರ ಜನವರಿ 1ರಿಂದ ನಿಯಮ ಬದಲಾಯಿತು. ಗ್ರಾಹಕರು ಯಾವ ದೇಶದವರೋ ಆ ದೇಶದ ದರ, ಆ ದೇಶಕ್ಕೇ ತೆರಿಗೆ. ಉದ್ದೇಶ ಒಳ್ಳೆಯದೇ. ಬಲೆ ಬೀಸಿದ್ದು ತಿಮಿಂಗಿಲಕ್ಕೆ.

ಸಿಕ್ಕಿಬಿದ್ದವರಲ್ಲಿ ಹೆಣಿಗೆಯ ನಮೂನೆ ಬರೆದು ಮಾರುವ ಹೆಂಗಸರೂ ಇದ್ದರು. ಮನೆಯಲ್ಲಿ ಮಕ್ಕಳನ್ನು ಮಲಗಿಸಿ, ಕೂಸಿನ ಟೊಪ್ಪಿಗೆಗೆ ಎಷ್ಟು ಹೊಲಿಗೆ, ಸ್ವೆಟರಿನ ತೋಳಿಗೆ ಎಷ್ಟು ಸಾಲು ಎಂದು ಬರೆದು, ಅದನ್ನು ಕಂಪ್ಯೂಟರಿನ ಮೂಲಕ ಎರಡು ಮೂರು ಪೌಂಡಿಗೆ ಮಾರುವವರು. ಬ್ರಿಟನ್ನಿನೊಳಗೆ ವರ್ಷಕ್ಕೆ 81,000 ಪೌಂಡ್ ವಹಿವಾಟು ದಾಟುವವರೆಗೆ ಅವರಿಗೆ ವ್ಯಾಟಿನ ಗೊಡವೆಯೇ ಇರಲಿಲ್ಲ. ಹೊಸ ನಿಯಮದಲ್ಲಿ ಗಡಿಯಾಚೆಯ ಮಾರಾಟಕ್ಕೆ ಕನಿಷ್ಠ ಮಿತಿಯೇ ಇಲ್ಲ. ಫಿನ್‌ಲೆಂಡಿನ ಒಬ್ಬಳಿಗೆ ಒಂದು ಟೊಪ್ಪಿಗೆಯ ನಮೂನೆ ಮಾರಿದರೂ ಫಿನ್‌ಲೆಂಡಿನ ದರ ತಿಳಿದು, ಅವಳು ಅಲ್ಲಿಯವಳೇ ಎಂಬುದಕ್ಕೆ ಎರಡು ಪುರಾವೆ ಸಂಗ್ರಹಿಸಿ, ಆ ದಾಖಲೆಯನ್ನು ಹತ್ತು ವರ್ಷ ಕಾಯ್ದಿಟ್ಟುಕೊಳ್ಳಬೇಕು. ಇಪ್ಪತ್ತೆಂಟು ದೇಶಗಳಲ್ಲೂ ನೋಂದಾಯಿಸಬೇಕಿಲ್ಲ, ಒಂದೇ ಕಿಟಕಿಯಲ್ಲಿ ಎಲ್ಲವನ್ನೂ ಕಟ್ಟಬಹುದು ಎಂಬ ಅನುಕೂಲವೇನೋ ಇತ್ತು. ಆದರೂ ಮೂರು ಪೌಂಡಿನ ವ್ಯಾಪಾರಕ್ಕೆ ಇಷ್ಟೆಲ್ಲ ಮಾಡುವವರು ಯಾರು?

ಅವರ ಮುಂದೆ ಮೂರು ದಾರಿಗಳಿದ್ದವು. ಹೇಗೋ ಎಲ್ಲವನ್ನೂ ಪಾಲಿಸುವುದು. ಗೊತ್ತೇ ಇಲ್ಲದವರಂತೆ ಸುಮ್ಮನಿದ್ದುಬಿಡುವುದು. ಇಲ್ಲವೆ, ಪರದೇಶದವರಿಗೆ ಮಾರುವುದನ್ನೇ ನಿಲ್ಲಿಸುವುದು. ಈ ಮೂರನೆಯ ದಾರಿ ಹಿಡಿದವರನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಅವರು ಯಾರಿಗೂ ಮೋಸ ಮಾಡಲಿಲ್ಲ. ಮೋಸ ಮಾಡಲು ಮನಸ್ಸಿಲ್ಲದ್ದರಿಂದಲೇ ಅಂಗಡಿಯ ಒಂದು ಬಾಗಿಲು ಮುಚ್ಚಿದರು. ಸುಮ್ಮನಿದ್ದವರು ಮಾರುತ್ತಲೇ ಹೋದರು. ಕಾನೂನು ಪ್ರಾಮಾಣಿಕರನ್ನು ಸಂತೆಯಿಂದ ಆಚೆಗೆ ಕಳಿಸಿ, ಕಣ್ಣುಮುಚ್ಚಿಕೊಂಡವರನ್ನು ಒಳಗೆ ಉಳಿಸಿಕೊಂಡರೆ ಆ ಕಾನೂನಿನ ಬಗ್ಗೆ ಏನು ಹೇಳೋಣ?

ಕೊನೆಗೆ ಒಕ್ಕೂಟಕ್ಕೂ ಇದು ಅರ್ಥವಾಯಿತು. 2019ರ ಜನವರಿಯಿಂದ ಗಡಿಯಾಚೆಯ ಇಂಥ ಮಾರಾಟ ವರ್ಷಕ್ಕೆ 10,000 ಯೂರೋ ದಾಟದಿದ್ದರೆ ತಮ್ಮ ದೇಶದ ನಿಯಮವೇ ಸಾಕು ಎಂದಿತು. ಒಂದು ಲಕ್ಷ ಯೂರೋವರೆಗೆ ಎರಡರ ಬದಲು ಒಂದೇ ಪುರಾವೆ ಸಾಕೆಂದಿತು. ಆದರೆ ಈ ಮಿತಿ ಒಕ್ಕೂಟದೊಳಗಿನವರಿಗೆ ಮಾತ್ರ. ಬ್ರಿಟನ್ ಒಕ್ಕೂಟವನ್ನು ಬಿಟ್ಟು, 2020ರ ಕೊನೆಗೆ ಹಳೆಯ ವ್ಯವಸ್ಥೆಯೂ ಮುಗಿದಾಗ ಆ ಹೆಣಿಗೆಯ ಹೆಂಗಸರು ಮತ್ತೆ ಹೊರಗಿನವರಾದರು.

ನಮ್ಮ ದೇಶದ ಕಾನೂನಿನಲ್ಲೂ ಹೊರಗಿನವರಿಗೆ ಈ ಮಿತಿಯಿಲ್ಲ. ನಮ್ಮಲ್ಲೇ ಸೇವೆ ಮಾರುವ ಹೆಂಗಸಿಗೆ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ನೋಂದಣಿ ಬೇಕಿಲ್ಲ. ಹೊರಗಿನವರಿಗಾದರೆ ಮೊದಲ ರೂಪಾಯಿಯಿಂದಲೇ ಬೇಕು. ಯಾರ್ಕ್‌ಶೈರಿನ ಯಾವುದೋ ಹಳ್ಳಿಯ ಒಬ್ಬಾಕೆ ಶಿರಸಿಯ ಒಬ್ಬಾಕೆಗೆ 400 ರೂಪಾಯಿಯ ಕಸೂತಿ ನಮೂನೆಯೊಂದನ್ನು ಮಾರಿದಳು ಎಂದುಕೊಳ್ಳಿ. ತೆರಿಗೆ 72 ರೂಪಾಯಿ. ಅದಕ್ಕಾಗಿ ಅವಳು ಬೆಂಗಳೂರಿನ ಕಡತಕ್ಕೆ ಹೆಸರು ಬರೆಸಿ ತಿಂಗಳು ತಿಂಗಳೂ ಲೆಕ್ಕ ಒಪ್ಪಿಸಬೇಕು. ಮನುಷ್ಯರ ಕೈವಾಡ ಹೆಚ್ಚಾಗಿ ಇಲ್ಲದ, ತಾನಾಗಿ ನಡೆಯುವ ಸೇವೆ ಮಾತ್ರ ಇದರ ವ್ಯಾಪ್ತಿಗೆ ಎಂಬ ಮಾತೊಂದು ಮೊದಲಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದರು.

ತೆರಿಗೆ ಸಲಹೆಯ ಕೆಲಸ ಮಾಡುವ ನನ್ನ ಮೈದುನನ ಮುಂದೆ ಈ ಮಾತೆತ್ತಿದೆ. "ಅತ್ತಿಗೆ, ನೀವು ಹೇಳುವುದು ಕೇಳಲು ಚೆನ್ನಾಗಿದೆ. ಮಿತಿ ಇಟ್ಟರೆ ದೊಡ್ಡವರೂ ಹತ್ತು ಹೆಸರಿಟ್ಟುಕೊಂಡು ಸಣ್ಣವರಾಗುತ್ತಾರೆ. ಅವರ ಪುಸ್ತಕ ತೆರೆದು ನೋಡಲು ಇಲ್ಲಿಂದ ಯಾರು ಹೋಗುತ್ತಾರೆ?" ಎಂದ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಮ್ಮೂರಿನ ಅಂಗಡಿಗೆ ಇನ್ಸ್‌ಪೆಕ್ಟರ್ ಬಂದಾನು, ಯಾರ್ಕ್‌ಶೈರಿಗೆ ಹೋಗಲಾರ. ಆದರೆ ನಾನು ಕೇಳಿದೆ, "ಪುಸ್ತಕ ನೋಡಲು ಹೋಗಲಾರೆವು ಎಂದ ಮೇಲೆ ಮಿತಿ ಇಲ್ಲದಿದ್ದರೂ ಅವಳು ಕಟ್ಟಿದಳೋ ಇಲ್ಲವೋ ಯಾರಿಗೆ ಗೊತ್ತಾಗುತ್ತದಪ್ಪಾ? ಈಗಲೂ ನೀವು ನಂಬಿರುವುದು ಅವಳ ಮನಸ್ಸಾಕ್ಷಿಯನ್ನೇ ತಾನೆ?" ಅವನು ಚಹಾ ಕುಡಿಯುತ್ತ ಸುಮ್ಮನಿದ್ದ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಅಲ್ಲಿ ಸುಂಕದವನಿರಲಿಲ್ಲ, ಕಾನೂನೂ ಇರಲಿಲ್ಲ. ಯಾರೂ ನೋಡದಲ್ಲಿ ತನ್ನದಲ್ಲದ್ದನ್ನು ಹಿಂದಿರುಗಿಸುವ ಗುಣಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು. ಆದರೆ ಗಮನಿಸಿ, ಸುರಿಯಬೇಕಾದ ಅಂಗಳ ಅವಳಿಗೆ ಗೊತ್ತಿತ್ತು. ಮಾರಯ್ಯ ನಡೆದುಹೋಗಿ ಬರುವಷ್ಟು ದೂರದಲ್ಲಿತ್ತು. ಹೆಚ್ಚಾದ ನಾಲ್ಕು ಕಾಳಿಗೆ ಇಪ್ಪತ್ತೆಂಟು ಅಂಗಳಗಳಲ್ಲಿ ನಮೂನೆ ತುಂಬಬೇಕಾಗಿದ್ದರೆ ಲಕ್ಕಮ್ಮ ಏನು ಮಾಡುತ್ತಿದ್ದಳೋ. ಆಯುವುದನ್ನೇ ಬಿಟ್ಟು ಉಪವಾಸ ಮಲಗುತ್ತಿದ್ದಳು ಎಂದು ನನಗನ್ನಿಸುತ್ತದೆ.

ತೆರಿಗೆ ಕೊಡುವವರ ಧರ್ಮದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಕೇಳುವವರಿಗೂ ಒಂದು ಧರ್ಮವಿದೆ. ನೂರಾರು ಲೆಕ್ಕಿಗರನ್ನು ಇಟ್ಟುಕೊಂಡ ಕಂಪನಿಗೂ, ಮಕ್ಕಳು ಮಲಗಿದ ಮೇಲೆ ನಮೂನೆ ಬರೆಯುವ ತಾಯಿಗೂ ಒಂದೇ ಪುಸ್ತಕ ಕೊಟ್ಟು ತುಂಬಿ ಎನ್ನುವುದು ಸಮಾನತೆಯಲ್ಲ. ದೊಡ್ಡವನಿಗೆ ಅದು ಒಂದು ಗುಮಾಸ್ತನ ಒಂದು ಮಧ್ಯಾಹ್ನದ ಕೆಲಸ, ಅವಳಿಗೆ ಅಂಗಡಿಯೇ ಮುಚ್ಚುವ ಮಾತು. ತೆರಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಗ್ರಾಹಕರಿಂದ ತೆರಿಗೆಯೆಂದು ಹೇಳಿ ತೆಗೆದುಕೊಂಡ ಹಣವನ್ನು ಯಾರೇ ಆಗಲಿ, ಎಷ್ಟೇ ಸಣ್ಣವರಾಗಲಿ, ಇಟ್ಟುಕೊಂಡರೆ ಅದು ಕಳವೇ. ಆದರೆ ಇಷ್ಟು ವಹಿವಾಟಿನೊಳಗೆ ನಿನ್ನನ್ನು ಕೇಳುವುದಿಲ್ಲ ಎಂದು ನಮ್ಮ ಮನೆಯ ಹೆಂಗಸಿಗೆ ಹೇಳಿದ ಸರ್ಕಾರ ಹೊರಗಿನ ಹೆಂಗಸಿಗೂ ಒಂದು ಸಣ್ಣ ಗೆರೆ ಎಳೆಯಬಹುದು. 20 ಲಕ್ಷ ಬೇಡ, ಒಂದು ಲಕ್ಷವೇ ಇರಲಿ. ಹತ್ತು ಹೆಸರಿನ ಕಳ್ಳರನ್ನು ಹಿಡಿಯುವುದು ಸರ್ಕಾರದ ಕೆಲಸ. ಆ ಕಷ್ಟವನ್ನು ತಾನು ತಪ್ಪಿಸಿಕೊಳ್ಳಲು ಅವಳ ಮೇಲೆ ಹೇರಬಾರದು.

ಇದಕ್ಕೂ ದಾರಿಯಿದೆ ಎಂದು ಮೈದುನ ಹೇಳಿದ. ಅವಳು ನೇರವಾಗಿ ಮಾರದೆ ಯಾವುದಾದರೂ ದೊಡ್ಡ ಆನ್‌ಲೈನ್ ಮಳಿಗೆಯ ಮೂಲಕ ಮಾರಿದರೆ, ಸಾಮಾನ್ಯವಾಗಿ ಆ ಮಳಿಗೆಯವರೇ ಮಾರಿದರೆಂದು ಕಾನೂನು ಭಾವಿಸುತ್ತದಂತೆ. ನೋಂದಣಿ, ಲೆಕ್ಕ, 20ನೇ ತಾರೀಖು ಎಲ್ಲ ಅವರ ಪಾಲಿಗೆ. ಅವಳು ಹೆಣೆದುಕೊಂಡು ಹಾಯಾಗಿರಬಹುದು. ಮಳಿಗೆಯವರು ಇದನ್ನು ಪುಕ್ಕಟೆ ಮಾಡುತ್ತಾರೆಯೆ ಎಂದು ಕೇಳಿದೆ. ಪ್ರತಿ ಮಾರಾಟಕ್ಕೂ ಕಮಿಷನ್ ಹಿಡಿದುಕೊಳ್ಳುತ್ತಾರೆ ಎಂದ. ಅಂದರೆ ಯಾರನ್ನು ಹಿಡಿಯಲೆಂದು ಬಲೆ ಬೀಸಿದರೋ ಅಂಥ ದೊಡ್ಡವರ ನೆರಳಿಗೇ ಅವಳು ಹೋಗಿ ನಿಲ್ಲಬೇಕು, ಅದಕ್ಕೆ ಬಾಡಿಗೆಯನ್ನೂ ಕೊಡಬೇಕು. ಯಾರ ಹಂಗೂ ಇಲ್ಲದೆ ತನ್ನ ನಮೂನೆಯನ್ನು ತಾನೇ ಮಾರಬೇಕೆಂಬ ಹಟ ಅವಳಿಗಿದ್ದರೆ, ಶಿರಸಿಯ ಗೆಳತಿಗೆ ಅವಳು ಒಂದು ಸಾಲು ಬರೆಯಬೇಕಾಗುತ್ತದೆ. ಕ್ಷಮಿಸಿ, ನಿಮ್ಮ ದೇಶಕ್ಕೆ ಮಾರುವುದಿಲ್ಲ ಎಂದು.