ಫ್ಯೂಜಿನ ಪರವಾಗಿ ಒಂದು ಮಾತು

ಬೈಗುಳವನ್ನೇ ಸಂಬಳವಾಗಿ ಪಡೆಯುವ ವಸ್ತು ಮೋಟಾರುಗಾಡಿಯಲ್ಲಿ ಯಾವುದಾದರೂ ಇದ್ದರೆ ಅದು ಫ್ಯೂಜು. ಅಳತೆ ಮೀರಿ ವಿದ್ಯುತ್ತು ಹರಿದಾಗ ತಾನು ಕರಗಿ ದಾರಿ ಕಡಿಯುವುದಷ್ಟೇ ಅದರ ಕೆಲಸ. ಆ ಕೆಲಸವನ್ನು ಮಾಡಿದಾಗಲೇ ‘ಹಾಳಾದ ಫ್ಯೂಜು ಮತ್ತೆ ಹೋಯಿತು’ ಎನ್ನುತ್ತೇವೆ.

ನಮ್ಮ ಸವಣೂರಿನಲ್ಲಿ ವೀಳ್ಯದೆಲೆ ಸಾಗಿಸುವ ನೆರೆಯವರೊಬ್ಬರ ಹಳೆಯ ಪಿಕಪ್ಪಿಗೆ ಈ ಬೇನೆ ತಗುಲಿತ್ತು. ನಿಂತಲ್ಲಿ ಎಲ್ಲವೂ ಸರಿ. ಕುಣಿ ಬಿದ್ದ ರಸ್ತೆಗಿಳಿದೊಡನೆ ಹಿಂದಿನ ದೀಪಗಳು ಕಣ್ಣು ಮುಚ್ಚುವುವು. ಎಲೆ ಬಾಡುವ ಸರಕು, ಪ್ರಯಾಣ ರಾತ್ರಿಯದು; ಅವರ ಅವಸರ ನನಗೆ ಅರ್ಥವಾಗುತ್ತದೆ. ಒಬ್ಬ ಮಿಸ್ತ್ರಿ ೧೦ ಆಂಪಿಯರಿನ ಫ್ಯೂಜಿದ್ದಲ್ಲಿ ೩೦ರದನ್ನು ಸಿಕ್ಕಿಸಿದ. ಅದೂ ಹೋಗಲು, ಇನ್ನೊಬ್ಬ ತಾಮ್ರದ ತಂತಿಯನ್ನೇ ಸುತ್ತಿದ. ದೂರು ನಿಂತಿತು. ಇನ್ನು ಕಾದು ಕರಗುವ ಸರದಿ ಗಾಡಿಯ ತಂತಿಯದು, ಅದರ ಹೊದಿಕೆಯದು, ಬೆಂಕಿ ಹತ್ತಿದರೆ ಒಳಗೆ ಕುಳಿತವನದು ಎಂಬುದನ್ನು ಮಾತ್ರ ಯಾರೂ ಆಡಲಿಲ್ಲ.

ಮೂರನೆಯ ಮಿಸ್ತ್ರಿ ಬೇರೆ ಪಂಥದವನು. ತಾಮ್ರದ ತಂತಿಯನ್ನು ಕಿತ್ತೆಸೆದು, ಆ ಜಾಗಕ್ಕೆ ಹೆಡ್‌ಲೈಟಿನ ಬಲ್ಬೊಂದನ್ನು ಜೋಡಿಸಿದ. ಹಿಂದಿನ ದೀಪಗಳ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟ. ೧೨ ವೋಲ್ಟಿನ ಗಾಡಿಯಲ್ಲಿ ೫೫ ವಾಟಿನ ಬಲ್ಬು ಸುಮಾರು ೫ ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಹಾಗಾಗಿ ಹುಡುಕುವಾಗ ಏನೂ ಸುಡದು. ಗಾಡಿಯ ಕಬ್ಬಿಣದ ಮೈಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ಬರಿಮೈಯಾದ ತಂತಿ ಅದಕ್ಕೆ ತಾಗಿದರೆ ಸಾಕು, ಬಲ್ಬು ಝಗ್ಗನೆ ಬೆಳಗುತ್ತದೆ. ಹುಡುಗನೊಬ್ಬನನ್ನು ಬಲ್ಬಿನ ಮುಂದೆ ಕೂರಿಸಿ, ತಾನು ಗಾಡಿಯ ಕೆಳಗೆ ಮಲಗಿ, ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದ. ಚಾಸಿಯ ಒಂದು ತೂತಿನ ಬಳಿಗೆ ಬಂದಾಗ ‘ಹತ್ತಿತು!’ ಎಂದು ಹುಡುಗ ಕೂಗಿದ. ತೂತಿನ ಅಂಚಿಗಿದ್ದ ರಬ್ಬರಿನ ಬಳೆ ಉದುರಿ ಎಷ್ಟು ವರ್ಷವಾಗಿತ್ತೋ! ಇದಕ್ಕೆ ಅರ್ಧ ದಿನ ಹಿಡಿಯಿತು. ಮೊದಲಿನವರಿಬ್ಬರಿಗೆ ಎರಡೆರಡು ನಿಮಿಷ ಸಾಕಾಗಿತ್ತು.

ತರಗತಿಯಲ್ಲಿ ‘ಕೆರೆಗೆ ಹಾರ’ದ ಪಾಠ ಹೇಳುವಾಗಲೆಲ್ಲ ನನ್ನನ್ನೊಂದು ಸಂದೇಹ ಕಾಡುತ್ತದೆ. ಕೆರೆ ತೋಡಿಸಿದರೂ ನೀರು ಬರಲಿಲ್ಲ. ಗೌಡ ಹೊತ್ತಿಗೆ ತೆಗೆಸಿದ. ಕಿರಿಯ ಸೊಸೆ ಭಾಗೀರಥಿ ಹಾರವಾದಳು. ನೀರೇಕೆ ಬಾರದೆಂದು ಯಾರೂ ಅಂಗಳಕ್ಕಿಳಿದು ನೋಡಿದಂತಿಲ್ಲ. ಅದನ್ನು ತ್ಯಾಗವೆಂದು ಹೊಗಳುವಾಗ ನನ್ನ ನಾಲಿಗೆ ತಡವರಿಸುತ್ತದೆ. ಫ್ಯೂಜಾದರೆ ಸುಡುವುದಕ್ಕೆಂದೇ ಹುಟ್ಟಿದ್ದು, ಸೊಸೆ ಹಾಗಲ್ಲ, ಎನ್ನಬಹುದು. ನಿಜ. ಆದರೆ ‘ಅದು ಅದರ ಧರ್ಮ’ ಎಂದು ಡಬ್ಬಿಗಟ್ಟಲೆ ಹೊಸ ಫ್ಯೂಜು ಕೊಳ್ಳುತ್ತ ಹೋಗುವವನು ಆ ಗೌಡನಿಗಿಂತ ಎಷ್ಟು ಭಿನ್ನ? ತಾಮ್ರದ ತಂತಿ ಸುತ್ತುವವನು ದೂರನ್ನು ಕೊಲ್ಲುತ್ತಾನೆ. ಇವನು ದೂರುವವನನ್ನು ದಿನವೂ ಬದಲಿಸುತ್ತಾನೆ. ಗಾಡಿಯ ಕೆಳಗೆ ಮಲಗಲು ಇಬ್ಬರೂ ಒಲ್ಲರು.

ಮೊದಲ ಗಂಟೆಯಲ್ಲಿ ತೂಕಡಿಸುವ ಹುಡುಗರಿಗೆ ದಂಡ ಹಾಕಬೇಕೆಂದು ಸಹೋದ್ಯೋಗಿಯೊಬ್ಬರು ಈಚೆಗೆ ಸೂಚಿಸಿದರು. ದಂಡ ಹಾಕಿದರೆ ತೂಕಡಿಕೆ ನಿಂತೀತು; ಹುಡುಗರು ತರಗತಿಗೆ ಬರುವುದನ್ನೇ ಬಿಟ್ಟಾರು. ಅವರಲ್ಲೊಬ್ಬ ರಾತ್ರಿ ಎರಡರವರೆಗೆ ಎಲೆಯ ಪೆಂಡಿ ಹೇರುತ್ತಾನಂತೆ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಿದ್ದೇನೆ. ನಾಲ್ವರದು ತಿಳಿದಿದೆ, ಇನ್ನೂ ಏಳು ಮಂದಿ ಇದ್ದಾರೆ.